ಅಡುಗೆಮನೆ ಕಿಟಕಿಯ ಪ್ರಾಂಪ್ಟರ್

ನಮ್ಮಜ್ಜ ಊಟಕ್ಕೆ ಕೂತಾಗಲೂ ಪ್ರಾಂಪ್ಟರೇ. ಎದುರಿಗೆ ಕೂತವರು ಮಾತಿನ ನಡುವೆ ಒಂದು ಗುಟುಕು ನೀರು ಕುಡಿಯಲು ನಿಲ್ಲಿಸಿದರೆ ಸಾಕು, ಅವರ ಮುಂದಿನ ಮಾತು ಅಜ್ಜನ ಬಾಯಿಂದ ಬಂದುಬಿಡುತ್ತಿತ್ತು. ಗದಗದ ಕಡೆಯ ಒಂದು ನಾಟಕ ಕಂಪನಿಯಲ್ಲಿ ಅವರು ಬದುಕಿನ ಬಹುಪಾಲನ್ನು ಪರದೆಯ ಪಕ್ಕದ ಮರೆಯಲ್ಲಿ ಕಳೆದವರು. ಕಂಪನಿ ನಾಟಕವೆಂದರೆ ಬೆಳಿಗ್ಗೆ ಬಸ್ಸಿಳಿದ ನಟ ಸಂಜೆಗೆ ಬಣ್ಣ ಹಚ್ಚಿ ನಿಲ್ಲಬೇಕು. ಮಾತು ಬಾಯಿಪಾಠ ಮಾಡಲು ಪುರಸೊತ್ತು ಎಲ್ಲಿಂದ ಬರಬೇಕು? ಮೊದಲ ಮಾತಿನಿಂದ ಮಂಗಳದವರೆಗೆ ಪ್ರಾಂಪ್ಟರ್ ಸಣ್ಣ ದನಿಯಲ್ಲಿ ಓದುತ್ತಲೇ ಹೋಗುತ್ತಾನೆ, ನಟ ಅದನ್ನೇ ದೊಡ್ಡ ದನಿಯಲ್ಲಿ ಆಡುತ್ತಾ ಬರುತ್ತಾನೆ. 

“ತಂಗಿ, ನಟ ಬಾಯಿ ಮುಚ್ಚಿದ ಅಂದ್ರ ನಾವು ತೆರೀಬೇಕು,” ಎನ್ನುತ್ತಿದ್ದರು ಅಜ್ಜ. “ಸಿಟ್ಟಾದ್ರ ಆಗ್ಲಿ, ಒಳಗ ಬಂದು ಬೈದ್ರ ಬೈಲಿ. ಮಂದಿ ಮುಂದ ಮಾತಿಲ್ದ ನಿಂತ್ನಂದ್ರ ಅವನ ಮಾನ ಹೋಗ್ತದ.”

ನಾನು ಕನ್ನಡ ಕಲಿತದ್ದು ಈ ಅಜ್ಜನ ಮಗ್ಗುಲಲ್ಲಿ. ಮಾತಿನ ಜೊತೆಗೆ ಈ ಚಟವೂ ಅಂಟಿಕೊಂಡಿತು. ಆಫೀಸಿನ ಮೀಟಿಂಗಿನಲ್ಲಿ ಡಚ್ ಮ್ಯಾನೇಜರ್ ಉಸಿರೆಳೆದುಕೊಳ್ಳುವಷ್ಟರಲ್ಲಿ ಅವರ ವಾಕ್ಯವನ್ನು ನಾನು ಮುಗಿಸಿಕೊಟ್ಟು ಮುಖ ಸಣ್ಣದು ಮಾಡಿಕೊಂಡದ್ದುಂಟು. ಮೈಸೂರಿನವರಾದ ನನ್ನ ಗಂಡ ಇದನ್ನು ಮದುವೆಯಾದ ವಾರವೇ ಕಂಡುಹಿಡಿದಿದ್ದರು.

ಈ ಚಟದಿಂದ ನನ್ನ ಎದೆ ಡವಗುಟ್ಟಿದ ಕತೆಯೊಂದಿದೆ. ಕೊರೋನಾ ಕಾಲದ್ದು.

ಆಗ ನಾವು ಆಮ್ಸ್ಟರ್‌ಡ್ಯಾಮಿನ ಬೈಟನ್‌ವೆಲ್ಡರ್ಟ್ ಬಡಾವಣೆಯಲ್ಲಿದ್ದೆವು. ನಮ್ಮ ಕಟ್ಟಡದಲ್ಲಿ ಪ್ರತಿ ಮಹಡಿಗೂ ಹೊರಗಡೆ ಒಂದು ಉದ್ದನೆಯ ತೆರೆದ ಮೊಗಸಾಲೆ. ಎಲ್ಲರ ಮನೆಯ ಬಾಗಿಲೂ ಅಡುಗೆಮನೆಯ ಕಿಟಕಿಯೂ ಅದಕ್ಕೇ ತೆರೆಯುತ್ತವೆ. ಯಾರ ಮನೆಯಲ್ಲಿ ಏನು ಬೇಯುತ್ತಿದೆ ಎಂದು ಎಲ್ಲರಿಗೂ ಗೊತ್ತು. ಪಕ್ಕದ ಮನೆಯಲ್ಲಿ ಅಮೆರಿಕದ ಮುದುಕರೊಬ್ಬರು, ಅವರ ಡಚ್ ಹೆಂಡತಿ. ಆಕೆಯನ್ನು ನಾನು ಇಲ್ಲಿಯ ಗೌರವದ ಮಾತಿನಲ್ಲಿ ಮೆವ್ರೌ ಎನ್ನುತ್ತಿದ್ದೆ. ಆತನನ್ನು ಎಲ್ಲರೂ ಹೆಸರು ಹಿಡಿದು ಕರೆಯುತ್ತಿದ್ದರು. ಅಷ್ಟು ಹಿರಿಯರನ್ನು ಹೆಸರಿನಿಂದ ಕೂಗಲು ನನಗೆ ನಾಲಿಗೆ ಏಳಲಿಲ್ಲ, ಅಂಕಲ್ ಎಂದೆ.

“ಅಂಕಲ್ ಪಾತ್ರ ಬೇಕಾದಷ್ಟು ಮಾಡಿದ್ದೇನೆ,” ಎಂದರು ಅವರು. “ಇದಕ್ಕೂ ಡೈಲಾಗ್ ಕಡಿಮೆಯೇ ಇರಬೇಕು, ಅಲ್ಲವೇ?”

ಅವರು ಆಡುತ್ತಿದ್ದುದು ಇಂಗ್ಲಿಷ್. ನನಗೆ ಅದು ಕೇಳಿಸಿದ್ದು ಹೇಗೋ ಹಾಗೆ ಇಲ್ಲಿ ಬರೆಯುತ್ತಿದ್ದೇನೆ.

ಅಂಕಲ್ ಪೋಷಕ ನಟರು. ಹರೆಯದಲ್ಲಿ ಒಂದು ಸಣ್ಣ ತಂಡದ ಜೊತೆ ಬಸ್ಸಿನಲ್ಲಿ ಊರೂರು ತಿರುಗಿ, ಶಾಲೆಯ ಸಭಾಂಗಣ, ಚರ್ಚಿನ ನೆಲಮಾಳಿಗೆ ಎನ್ನದೆ ನಾಟಕ ಆಡಿದವರು. ಇಪ್ಪತ್ತರ ಹರೆಯದಲ್ಲೇ ತಲೆಗೆ ಪೌಡರ್ ಹಾಕಿಕೊಂಡು ತಂದೆಯ ಪಾತ್ರ ಮಾಡುತ್ತಿದ್ದರಂತೆ. ನಾಯಕನಾಗುವ ಮುಖವಲ್ಲ ಎಂದು ಯಾರೋ ಮೊದಲ ದಿನವೇ ಹೇಳಿಬಿಟ್ಟಿದ್ದರು. “ಅವನಿಗೆ ಇವತ್ತಿಗೂ ಋಣಿ ನಾನು. ನಾಯಕರೆಲ್ಲ ಮುಪ್ಪಾದರು, ನಾನು ಮೊದಲೇ ಮುಪ್ಪಾಗಿದ್ದೆ.” ಆಮೇಲೆ ನ್ಯೂಯಾರ್ಕಿನ ರಂಗಮಂದಿರಗಳು, ಟಿವಿ, ಸಿನಿಮಾ. ತೀರ್ಪು ಓದುವ ನ್ಯಾಯಾಧೀಶ, ಗ್ಲಾಸು ಒರೆಸುತ್ತಾ ನಾಯಕನ ಗೋಳು ಕೇಳುವ ಬಾರಿನವನು, ಕೆಟ್ಟ ಸುದ್ದಿ ತರುವ ಡಾಕ್ಟರು, ನಾಳೆ ನಿವೃತ್ತಿ ಎನ್ನುವಾಗ ಗುಂಡೇಟಿಗೆ ಬೀಳುವ ಪೊಲೀಸು. “ತೆರೆಯ ಮೇಲೆ ಎಷ್ಟು ಸಲ ಸತ್ತಿದ್ದೇನೆಂದರೆ, ನಿಜವಾದದ್ದು ಬಂದಾಗ ರಿಹರ್ಸಲ್ ಬೇಕಾಗಲಾರದು.”

“ಸಾಯುವುದು ಚೆನ್ನಾಗಿ ಬರುತ್ತದೆ,” ಎನ್ನುತ್ತಿದ್ದರು ಮೆವ್ರೌ ಒಳಗಿನಿಂದ. “ಪಾತ್ರೆ ತೊಳೆಯುವುದು ಬರುವುದಿಲ್ಲ.”

ಒಂದು ನಾಟಕದ ಜೊತೆ ಈ ಊರಿಗೆ ಬಂದಾಗ ಅಂಕಲ್‌ಗೆ ಬೆನ್ನು ಹಿಡಿದುಕೊಂಡಿತು. ಅದನ್ನು ತಿಕ್ಕಿ ಸರಿಮಾಡಿದ ಫಿಸಿಯೋಥೆರಪಿಸ್ಟೇ ಈ ಮೆವ್ರೌ. ಅಂಕಲ್ ಇಲ್ಲಿಯೇ ಉಳಿದರು. ಪಾತ್ರ ಸಿಕ್ಕಾಗ ಹಾರಿಹೋಗಿ ಎರಡು ದಿನ ನ್ಯಾಯಾಧೀಶರಾಗಿ ವಾಪಸ್ ಬರುತ್ತಿದ್ದರು. ಅಂಗಡಿಯ ಸಾಲಿನಲ್ಲಿ ನಿಂತಾಗ ಯಾರಾದರೂ ಒಬ್ಬರು ತಿರುಗಿ ನೋಡಿ, “ನಿಮ್ಮನ್ನು ಎಲ್ಲೋ ನೋಡಿದ್ದೇನಲ್ಲ? ನೀವು ನಮ್ಮ ಹಳೇ ದಂತವೈದ್ಯರೇ?” ಎಂದು ಕೇಳುವುದಿತ್ತು. ಅಂಕಲ್‌ಗೆ ಅದೇ ಪ್ರಶಸ್ತಿ. ಕೊರೋನಾ ಬಂದಮೇಲೆ ಎಲ್ಲರ ಮೂಗಿನ ಮೇಲೂ ಬಟ್ಟೆ ಏರಿತು. ಯಾರೂ ತಿರುಗಿ ನೋಡದಾದರು. ವಿಮಾನ ನಿಂತಿತು, ರಂಗಮಂದಿರಗಳು ಮುಚ್ಚಿದವು. ಒಂದು ದಿನ ತಿಂಡಿ ಕೊಡಲು ಹೋದಾಗ ಅಂಕಲ್ ಕಿಟಕಿಯ ಒಳಗೆ ಮಾಸ್ಕ್ ಕೈಯಲ್ಲಿ ಹಿಡಿದು ಕೂತಿದ್ದರು. “ಐವತ್ತು ವರ್ಷ ಈ ಮುಖ ಬಾಡಿಗೆಗೆ ಕೊಟ್ಟು ಬದುಕಿದೆ,” ಎಂದರು. “ಈಗ ಅಂಗಡಿಯೇ ಬಾಗಿಲು ಹಾಕಿದ ಹಾಗಾಯಿತು ನೋಡು.”

ಅಂಥ ಚಳಿಗಾಲದಲ್ಲಿ ಅವರಿಗೊಂದು ಮಿಂಚಂಚೆ ಬಂತು. ದಕ್ಷಿಣದ ಮಾಸ್ಟ್ರಿಕ್ಟ್ ಕಡೆ ಒಂದು ಇಂಗ್ಲಿಷ್ ಧಾರಾವಾಹಿಯ ಚಿತ್ರೀಕರಣ. ಮಗಳನ್ನು ಚಿಕ್ಕವಳಿದ್ದಾಗ ಬಿಟ್ಟುಬಂದು, ಗಡಿಯ ಊರಿನಲ್ಲಿ ಗಡಿಯಾರ ರಿಪೇರಿ ಮಾಡಿಕೊಂಡಿರುವ ಅಮೆರಿಕದ ಮುದುಕನ ಪಾತ್ರ. ಅಮೆರಿಕದಿಂದ ಯಾರನ್ನಾದರೂ ಕರೆಸುವುದು ಆಗ ಕಷ್ಟ. ಇಲ್ಲೇ ಇರುವ ಒಬ್ಬ ಅಮೆರಿಕದ ಮುದುಕ ಬೇಕಿತ್ತು. ದೃಶ್ಯವನ್ನು ಮನೆಯಲ್ಲೇ ಅಭಿನಯಿಸಿ, ಫೋನಿನಲ್ಲಿ ಚಿತ್ರೀಕರಿಸಿ ಕಳಿಸಬೇಕು. ಎದುರು ಪಾತ್ರದ ಮಾತನ್ನು ಕ್ಯಾಮೆರಾದ ಆಚೆಯಿಂದ ಓದಲು ಒಬ್ಬರು ಬೇಕು.

“ಇವಳು ಓದಿದರೆ ಹವಾಮಾನ ವರದಿ,” ಎಂದು ಅಂಕಲ್ ಮೆವ್ರೌ ಕಡೆ ಕೈ ತೋರಿಸಿದರು. “ನಿನ್ನ ಬಾಯಿ ಸುಮ್ಮನಿರುವುದಿಲ್ಲ ಎಂದು ಗೋಡೆಗೂ ಗೊತ್ತು. ನೀನು ಓದು.”

ಅಂಕಲ್‌ಗೆ ಎಪ್ಪತ್ತೈದು ದಾಟಿತ್ತು, ಎದೆಯಲ್ಲಿ ಹಳೆಯ ಕೆಮ್ಮಿತ್ತು. ಒಳಗೆ ಹೋಗಲು ನನಗೇ ಭಯ. ಆದ್ದರಿಂದ ನಾನು ಹೊರಗೆ ಮೊಗಸಾಲೆಯಲ್ಲಿ ಕೋಟು, ಟೊಪ್ಪಿಗೆ ಹಾಕಿಕೊಂಡು ಕಿಟಕಿಯ ಪಕ್ಕ ನಿಂತೆ. ಒಳಗೆ ಅಂಕಲ್ ಅಡುಗೆಮನೆಯ ಗೋಡೆಗೆ ಬೂದು ಬಣ್ಣದ ಹಾಸಿಗೆ ಹೊದಿಕೆ ಕಟ್ಟಿ ಅದರ ಮುಂದೆ ಕುರ್ಚಿ ಹಾಕಿಕೊಂಡಿದ್ದರು. ಹಿಂದೆಲ್ಲ ನಮ್ಮ ತಲೆಯ ಮೇಲೇ ಇಳಿಯುತ್ತಿದ್ದ ವಿಮಾನಗಳು ಇರಲಿಲ್ಲ. ಆ ನಿಶ್ಶಬ್ದ ನನಗೆ ಎಂದೂ ಒಗ್ಗಲಿಲ್ಲ. ಅಂಕಲ್ ಮಾತ್ರ, “ಸ್ಟುಡಿಯೋದಲ್ಲೂ ಇಷ್ಟು ಚೆನ್ನಾಗಿರುವುದಿಲ್ಲ,” ಎಂದು ಖುಷಿಪಟ್ಟರು.

ದೃಶ್ಯದಲ್ಲಿ ಮಗಳು ಬಂದು, ನೀನು ಯಾಕೆ ಒಮ್ಮೆಯೂ ನೋಡಲು ಬರಲಿಲ್ಲ ಎನ್ನುತ್ತಾಳೆ. ಬಂದಿದ್ದೆ, ಎನ್ನುತ್ತಾನೆ ಅಪ್ಪ. ರೈಲು ನಿಲ್ದಾಣದಲ್ಲಿ ಕಂಬದ ಹಿಂದೆ ನಿಂತು ನೋಡಿದೆ. ನೀನು ಹಾಕಿಕೊಂಡಿದ್ದೆ…

ಇಲ್ಲಿ ಅಂಕಲ್ ನಿಂತರು. ಕಣ್ಣು ಎತ್ತಿದರು, ಇಳಿಸಿದರು. ಮಾತಿಲ್ಲ. ನನ್ನೊಳಗೆ ಅಜ್ಜ ಎದ್ದು ಕೂತರು.

“ಹಸಿರು ಕೋಟು!” ಎಂದೆ ನಾನು ಕಿಟಕಿಯಿಂದ. ಅದೂ ಕಂಪನಿ ನಾಟಕದ ದನಿಯಲ್ಲಿ.

ಅಂಕಲ್ ತಿರುಗಿ ನೋಡಿದರು. ಒಳಗೆ ಮೆವ್ರೌ ನಗು ತಡೆಯಲಾರದೆ ಕೋಣೆ ಬಿಟ್ಟು ಓಡಿದರು.

“ನನಗೆ ಗೊತ್ತು, ಹಸಿರು ಕೋಟು,” ಎಂದರು ಅಂಕಲ್ ನಿಧಾನವಾಗಿ. “ಆ ಮುದುಕ ಆ ಕೋಟನ್ನು ನೋಡುತ್ತಿದ್ದಾನೆ. ಅವನಿಗೆ ಸ್ವಲ್ಪ ನೋಡಲು ಬಿಡು.”

ನಾನು ಅಜ್ಜನ ವೃತ್ತಿಯ ವಿಷಯ ಹೇಳಿ ತಪ್ಪಾಯಿತು ಎಂದೆ. ಅವರ ಸಿಟ್ಟು ಅಲ್ಲೇ ಇಳಿಯಿತು. ಮಧ್ಯಾಹ್ನವೆಲ್ಲ ಅಜ್ಜನ ಕಂಪನಿಯ ಕತೆ ಹೇಳಿಸಿಕೊಂಡರು. “ಪೂರ್ತಿ ನಾಟಕ ಓದುತ್ತಿದ್ದರೇ? ಪ್ರತಿ ಸಂಜೆ?” ಎಂದು ಬೆರಗಾದರು. ಅಂದಿನಿಂದ ನಾನು ಪ್ರಾಂಪ್ಟರ್ ಮೇಡಂ ಆದೆ. ಆದರೆ ನಿಯಮ ಮಾತ್ರ ಸ್ಪಷ್ಟ ಮಾಡಿದರು. “ಮಾತು ಬರೆದವನದು. ಮೌನ ಮಾತ್ರ ನನ್ನದು. ನನ್ನಂಥವನಿಗೆ ಕೊಡುವುದೇ ನಾಲ್ಕು ಮಾತು, ನಡುವೆ ಇರುವ ಜಾಗದಲ್ಲೇ ನಾನು ಬದುಕಬೇಕು. ಅಲ್ಲಿ ಕಾಲಿಡಬೇಡ.”

ಸರಿ ಎಂದೆ. ಫೋನಿನಲ್ಲಿ ತೆಗೆದ ಆ ಟೇಪು ಕಳಿಸಿ ಕಾಯತೊಡಗಿದ ದಿನಗಳಲ್ಲೇ ಮೆವ್ರೌ ನನ್ನನ್ನು ಕೆಳಗೆ ಸೈಕಲ್ ನಿಲ್ಲಿಸುವ ಕೋಣೆಯಲ್ಲಿ ಹಿಡಿದರು. ಮಾಸ್ಕ್ ಸರಿಮಾಡಿಕೊಂಡು, ಡಚ್ಚರ ರೀತಿ, ಪೀಠಿಕೆಯಿಲ್ಲದೆ ಕೇಳಿದರು.

“ಅವನು ಮರೆಯುತ್ತಿದ್ದಾನೆಯೇ?”

“ಯಾಕೆ ಕೇಳುತ್ತೀರಿ?”

“ಮೊನ್ನೆ ಪಾರ್ಕಿನಿಂದ ಬಂದವನು ಪಕ್ಕದ ಕಟ್ಟಡದ ಬಾಗಿಲಿಗೆ ನಮ್ಮ ಕೀಲಿ ಹಾಕಿ ತಿರುಗಿಸುತ್ತಿದ್ದ.”

“ಇಲ್ಲಿ ಎಲ್ಲ ಕಟ್ಟಡವೂ ಒಂದೇ ಥರ ಇವೆ. ನನಗೂ ಆಗಿದೆ.”

“ನಿನಗೆ ಆಗಿದ್ದು ಬಂದ ಹೊಸದರಲ್ಲಿ. ಅವನು ಇಲ್ಲಿ ಮೂವತ್ತು ವರ್ಷದಿಂದ ಇದ್ದಾನೆ.” ಸೈಕಲ್ಲಿನ ಬೀಗ ತೆಗೆದವರು ಮತ್ತೆ ಹಾಕಿದರು. “ಮನೆಯಲ್ಲಿ ಅವನು ಸುಮ್ಮನಾದರೆ ಯೋಚಿಸುತ್ತಿದ್ದಾನೋ ಹುಡುಕುತ್ತಿದ್ದಾನೋ ನನಗೆ ಗೊತ್ತಾಗುವುದಿಲ್ಲ. ಬದುಕೆಲ್ಲ ನಟಿಸಿದವನು. ನೀನು ಹಾಳೆ ಕೈಯಲ್ಲಿ ಹಿಡಿದು ಕೇಳುವವಳು, ನೀನೇ ಹೇಳಬೇಕು. ಸೆಟ್ಟಿನಲ್ಲಿ ಎಲ್ಲರ ಮುಂದೆ ಅವನು ಮಾತಿಲ್ಲದೆ ನಿಲ್ಲುವುದನ್ನು ನಾನು ನೋಡಲಾರೆ. ಹಾಗೇನಾದರೂ ಇದ್ದರೆ ಈಗಲೇ ಬೇಡ ಎನ್ನಿಸುತ್ತೇನೆ.”

ಬೇಡ ಎಂದರೆ ಮುಂದೆ ಇನ್ನೊಂದು ಪಾತ್ರ ಬರುವುದಿಲ್ಲ ಎಂದು ಆಕೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನೋಡುತ್ತೇನೆ ಎಂದು ಹೇಳಿ ಮೆಟ್ಟಿಲು ಹತ್ತಿದೆ. ಅಂದಿನಿಂದ ನನ್ನ ನೆಮ್ಮದಿ ಹೋಯಿತು. ಗೋಡೆಯಾಚೆ ಅಂಕಲ್ ಮಾತು ಅಭ್ಯಾಸ ಮಾಡುವುದು ಕೇಳುತ್ತಿತ್ತು. ಆಫೀಸಿನ ಕೆಲಸ ಬಿಟ್ಟು ಕಿವಿಗೊಡುತ್ತಿದ್ದೆ. ನೀನು ಹಾಕಿಕೊಂಡಿದ್ದೆ… ಆಮೇಲೆ ಮೌನ. ಒಂದು ದಿನ ಸಣ್ಣದು, ಒಂದು ದಿನ ಉದ್ದ. ಉದ್ದವಾದದ್ದು ಕಲೆಯೋ ಕಷ್ಟವೋ?

“ನೀನ್ಯಾಕೆ ಕಣೇ ಟೆನ್ಷನ್ ತಗೋತೀಯ?” ಎಂದರು ಗಂಡ. “ನಿಂದೇ ಸಾವಿರ ಇದೆ. ಅವ್ರು ಮರೆತ್ರೆ ಅವ್ರ ಹೆಂಡ್ತಿಗೆ ಹೇಳ್ಬಿಡು.”

“ಗೊತ್ತಾದ್ರ ಹೇಳಬಹುದಲ್ರಿ. ಗೊತ್ತಾಗವಲ್ದು.”

“ನಾನು ಮಾತಾಡೋವಾಗ ಮಧ್ಯೆ ನಿಲ್ಸಿದ್ರೆ ಮಾತ್ರ ಎಲ್ಲಾ ಗೊತ್ತಾಗುತ್ತೆ ನಿಂಗೆ. ಅರ್ಧ ಸೆಕೆಂಡ್ ಕೊಡಲ್ಲ.”

“ನೀವು ಏನು ಹೇಳ್ತೀರಿ ಅಂತ ಮೊದ್ಲ ಗೊತ್ತಿರ್ತದ. ಅವ್ರು ನಟರ್ರಿ.”

“ಓಹೋ! ನಾನು ಬರೀ ಆಡಿಯೆನ್ಸು,” ಎಂದು ಗಂಡ ಹೆಡ್‌ಫೋನು ಏರಿಸಿಕೊಂಡು ತಮ್ಮ ಮೀಟಿಂಗಿಗೆ ಹೋದರು.

ಟೇಪು ಧಾರಾವಾಹಿಯವರಿಗೆ ಹಿಡಿಸಿತು. ನಿರ್ದೇಶಕಿ ಅಮೆರಿಕದಿಂದಲೇ ವಿಡಿಯೋ ಕರೆಯಲ್ಲಿ ನೇರವಾಗಿ ನೋಡಬೇಕೆಂದರು. ಇದಕ್ಕೆ ಕಿಟಕಿ ಸಾಲದು, ನನ್ನ ದನಿ ಸ್ಪಷ್ಟವಾಗಿ ಕೇಳಬೇಕು, ನಾನು ಒಳಗೇ ಕೂರಬೇಕು. ಹಿಂದಿನ ದಿನ ನನ್ನ ಗಂಟಲು ಸ್ವಲ್ಪ ಕೆರೆದಂತಾಯಿತು. ಓಡಿಹೋಗಿ ಪರೀಕ್ಷೆ ಮಾಡಿಸಿ, ಫಲಿತಾಂಶ ಬರುವವರೆಗೆ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಸೋಂಕು ಇಲ್ಲ ಎಂದು ಬಂದಮೇಲೆ ಇನ್ನೊಂದು ಭಯಕ್ಕೆ ಜಾಗವಾಯಿತು.

ಸಂಜೆಯ ಬೆಳಕು ಇನ್ನೂ ಇತ್ತು. ಕಿಟಕಿಗಳನ್ನೆಲ್ಲ ತೆರೆದಿಟ್ಟು, ನಾನು ಮಾಸ್ಕ್ ಹಾಕಿಕೊಂಡು ಮೂಲೆಯಲ್ಲಿ ಕೂತೆ. ಮೆವ್ರೌ ಬಾಗಿಲಿಗೆ ಒರಗಿ ನಿಂತಿದ್ದರು. ಅವರ ದೃಷ್ಟಿ ಗಂಡನ ಮೇಲಿರಲಿಲ್ಲ, ನನ್ನ ಮೇಲಿತ್ತು.

ಅಂಕಲ್ ಚೆನ್ನಾಗಿಯೇ ಹೊರಟರು. ನಿಲ್ದಾಣ ಬಂತು, ಕಂಬ ಬಂತು. ನೀನು ಹಾಕಿಕೊಂಡಿದ್ದೆ…

ಮೌನ. ನನಗೆ ಈಗ ಅದರ ಅಳತೆ ಗೊತ್ತಿತ್ತು. ಕಣ್ಣು ಏರಬೇಕು, ಇಳಿಯಬೇಕು, ಆಮೇಲೆ ಮಾತು. ಕಣ್ಣು ಏರಿತು, ಇಳಿಯಿತು. ಮಾತು ಬರಲಿಲ್ಲ. ಮತ್ತೆ ಏರಿತು. ಅವರ ಹೆಬ್ಬೆರಳು ತೋರುಬೆರಳನ್ನು ಉಜ್ಜತೊಡಗಿತು. ಮುದುಕ ಕೋಟು ನೋಡುತ್ತಿದ್ದಾನೆಯೇ? ನನ್ನ ನಾಲಿಗೆಯ ತುದಿಗೆ ಬಂದ ಮಾತನ್ನು ಹಲ್ಲಿನಿಂದ ಕಚ್ಚಿ ಹಿಡಿದೆ. ಕಾಲಿಡಬೇಡ ಎಂದಿದ್ದರು ಅಂಕಲ್. ಮಾನ ಹೋಗ್ತದ ಎಂದಿದ್ದರು ಅಜ್ಜ. ಪರದೆಯ ಮೇಲೆ ನಿರ್ದೇಶಕಿ ಅಲುಗಾಡದೆ ಕೂತಿದ್ದರು. ಇಂಟರ್ನೆಟ್ಟೇ ನಿಂತುಹೋಗಿದೆಯೇನೋ ಎನ್ನಿಸುವಷ್ಟು.

ಆಗ ಅಂಕಲ್ ನನ್ನತ್ತ ನೋಡಿದರು. ಬೇಡಿದ್ದಲ್ಲ, ಬರೀ ನೋಡಿದ್ದು.

ನಾನು ಪ್ರಾಂಪ್ಟರಿನ ದನಿಯಲ್ಲಿ ಹೇಳಲಿಲ್ಲ. ಮಗಳ ದನಿಯಲ್ಲಿ, ಹಾಳೆಯಲ್ಲಿ ಇಲ್ಲದ ಮಾತನ್ನು ಹೇಳಿದೆ. “ಆ ಹಸಿರು ಕೋಟು ನನಗೆ ಇಷ್ಟವೇ ಇರಲಿಲ್ಲ, ಅಪ್ಪ.”

“ಹಸಿರು,” ಎಂದರು ಅಂಕಲ್. “ಹಸಿರು ಕೋಟು. ತೋಳು ಉದ್ದವಾಗಿತ್ತು ನಿನಗೆ.” ತೋಳಿನ ಮಾತು ಕೂಡ ಹಾಳೆಯಲ್ಲಿರಲಿಲ್ಲ. ಅಲ್ಲಿಂದ ಕೊನೆಯವರೆಗೆ ನೀರು ಹರಿದಂತೆ ಹೋಯಿತು.

ನಿರ್ದೇಶಕಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಆ ಮೌನ!” ಎಂದರು. “ಎಲ್ಲಿ ಕಲಿತಿರಿ ಅದನ್ನು? ಆ ಹೆಣ್ಣುಮಗಳು ಸೇರಿಸಿದ ಮಾತು ಕೂಡ ಇರಲಿ, ಬರೆಸಿಕೊಳ್ಳುತ್ತೇನೆ. ಪಾತ್ರ ನಿಮ್ಮದೇ.”

ಪರದೆ ಆರಿತು. ಯಾರೂ ಕುಣಿಯಲಿಲ್ಲ. ಮೆವ್ರೌ ಬಾಗಿಲು ಬಿಟ್ಟು ಬಂದು ನನ್ನ ಮುಂದೆ ನಿಂತರು.

“ಆ ಮೌನ…”

ನಾನು ಮಾಸ್ಕಿನೊಳಗೆ ಬಾಯಿ ತೆರೆದೆ, ಮುಚ್ಚಿದೆ. ಜನ್ಮದಲ್ಲಿ ಮೊದಲ ಸಲ ಇನ್ನೊಬ್ಬರ ವಾಕ್ಯವನ್ನು ಮುಗಿಸಲು ನನಗೆ ಆಗಲಿಲ್ಲ.

“ಅವಳನ್ನು ಕೇಳಬೇಡ,” ಎಂದರು ಅಂಕಲ್ ಕುರ್ಚಿಯಿಂದಲೇ. “ಮರೆತೆ. ಕೋಟು ಕಾಣುತ್ತಿತ್ತು, ಬಣ್ಣ ಬರಲಿಲ್ಲ. ಒಂದು ವರ್ಷದಿಂದ ಹೀಗಾಗುತ್ತಿದೆ. ಒಮ್ಮೊಮ್ಮೆ ಬರುತ್ತದೆ, ಒಮ್ಮೊಮ್ಮೆ ಇಲ್ಲ.”

“ಒಂದು ವರ್ಷ!” ಎಂದರು ಮೆವ್ರೌ. “ನನ್ನ ಎದುರು ನಟಿಸಿದೆಯಾ?”

“ದೊಡ್ಡ ಪಾತ್ರ ಸಿಕ್ಕಿದ್ದು ಅದೊಂದೇ.”

ಮೆವ್ರೌ ಗಂಡನ ತಲೆಗೆ ಮೆಲ್ಲಗೆ ಒಂದು ಕೊಟ್ಟು, ಆಮೇಲೆ ಅದೇ ಕೈಯನ್ನು ಅಲ್ಲಿಯೇ ಇಟ್ಟುಕೊಂಡು ನಿಂತರು. ನಾನು ಹೊರಡಲು ಎದ್ದೆ. “ಕೂತುಕೋ,” ಎಂದರು ಅಂಕಲ್. “ನಿನ್ನ ಅಜ್ಜ ಪೂರ್ತಿ ನಾಟಕ ಓದುತ್ತಿದ್ದರು ಎಂದೆಯಲ್ಲ. ಆ ನಟರು ಯಾರೂ ನಾಚಿಕೊಳ್ಳುತ್ತಿರಲಿಲ್ಲವೇ?”

“ನಾಚಿಕೆ ಯಾಕೆ? ಪ್ರಾಂಪ್ಟರ್ ಇಲ್ಲದ ದಿನ ಅವರು ಬಣ್ಣವನ್ನೇ ಹಚ್ಚುತ್ತಿರಲಿಲ್ಲ.”

ಅಂಕಲ್ ಸ್ವಲ್ಪ ಹೊತ್ತು ಸುಮ್ಮನಿದ್ದರು. ನಾನು ಬಾಯಿ ಹಾಕಲಿಲ್ಲ. “ಹಾಗಾದರೆ ಪ್ರಾಂಪ್ಟರ್ ಇಲ್ಲದೆ ನಾನೂ ಹಚ್ಚುವುದಿಲ್ಲ,” ಎಂದರು ಕೊನೆಗೆ.

ಮರುದಿನ ಡಾಕ್ಟರ ಬಳಿ ಹೋಗಲು ಮೆವ್ರೌ ಸಮಯ ಗೊತ್ತುಮಾಡಿದರು. ಅಂಕಲ್ ನಿರ್ದೇಶಕಿಗೆ ಫೋನು ಮಾಡಿ ಇದ್ದದ್ದು ಇದ್ದಂತೆ ಹೇಳಿದರು. ಆ ಕಡೆ ಏನು ಹೇಳುತ್ತಾರೋ ಎಂದು ನಾನು ಮೊಗಸಾಲೆಯಲ್ಲಿ ಅತ್ತಿಂದಿತ್ತ ನಡೆದದ್ದೇ ನಡೆದದ್ದು. ಸಂಜೆಯ ಹೊತ್ತಿಗೆ ಉತ್ತರ ಬಂತು. ಕಿವಿಯೊಳಗೆ ಕಾಣದಂತೆ ಇಡುವ ಪುಟ್ಟ ಸ್ಪೀಕರು ಕೊಡುತ್ತೇವೆ, ಓದುವವರನ್ನು ನೀವೇ ಕರೆತನ್ನಿ ಎಂದರು. ನಾನು ಆಫೀಸಿಗೆ ರಜೆ ಹಾಕಿದೆ. ಕಾರಣ ಏನೆಂದು ಬರೆಯಬೇಕೋ ತಿಳಿಯದೆ, ವೈಯಕ್ತಿಕ ಎಂದಷ್ಟೇ ಬರೆದೆ.

ವಸಂತದ ಕೊನೆಯಲ್ಲಿ ಮಾಸ್ಟ್ರಿಕ್ಟ್‌ನ ಒಂದು ಹಳೆಯ ಅಂಗಡಿಯನ್ನು ಗಡಿಯಾರದ ಅಂಗಡಿ ಮಾಡಿದ್ದರು. ಕ್ಯಾಮೆರಾದವರು, ದೀಪದವರು, ಅವರ ಹಿಂದೆ ಕೂತ ಮೆವ್ರೌ, ಎಲ್ಲರ ಮುಖಕ್ಕೂ ಮಾಸ್ಕ್. ಮುಖ ತೆರೆದಿದ್ದವರು ಅಂಕಲ್ ಮತ್ತು ಮಗಳ ಪಾತ್ರದ ಹುಡುಗಿ, ಇಬ್ಬರೇ. ನಾನು ಹಿಂದಿನ ಉಗ್ರಾಣದಲ್ಲಿ, ಪರದೆಯ ಪಕ್ಕ, ಮೈಕು ಬಾಯಿಗೆ ಹಿಡಿದು ನಿಂತೆ. ಒಂದು ಸಣ್ಣ ಟಿವಿಯಲ್ಲಿ ಅವರ ಮುಖ ಕಾಣುತ್ತಿತ್ತು. ಅಂಕಲ್ ಮೊದಲೇ ಹೇಳಿದ್ದರು: “ನನಗೆ ಮಾತು ಬೇಕಾದರೆ ಅಂಗಿಯ ಮೇಲಿನ ಗುಂಡಿ ಮುಟ್ಟುತ್ತೇನೆ. ಇಲ್ಲದಿದ್ದರೆ ಮೌನ ನನ್ನದು.” ಸರಿ ಎಂದೆ. ಗುಂಡಿ ಮುಟ್ಟುವುದನ್ನೇ ಮರೆತರೆ? ಆ ಪ್ರಶ್ನೆಯನ್ನು ಅವರಿಗೆ ಕೇಳಲು ಬಾಯಿ ಬಾರದೆ, ಉಗ್ರಾಣದಲ್ಲಿ ನನ್ನನ್ನೇ ಕೇಳಿಕೊಳ್ಳುತ್ತಾ ನಿಂತೆ.

ಹಸಿರು ಕೋಟಿನ ಗಂಡಾಂತರ ಕಳೆಯಿತು. ಆ ಹುಡುಗಿ ನನ್ನ ಮಾತನ್ನು ನನಗಿಂತ ಚೆನ್ನಾಗಿ ಆಡಿದಳು. ದೃಶ್ಯ ಕೊನೆಗೆ ಬಂತು.

“ಕರೆಯಬೇಕು ಅಂತ ಬಾಯಿ ತೆರೆದೆ,” ಎಂದರು ಅಂಕಲ್.

ಮುಂದಿನದು ಮೂರೇ ಪದ: ದನಿಯೇ ಬರಲಿಲ್ಲ ಮಗಳೇ. ಮೌನ ಹಬ್ಬಿತು. ಅಂಗಡಿಯ ಗಡಿಯಾರಗಳನ್ನೆಲ್ಲ ನಿಲ್ಲಿಸಿಟ್ಟಿದ್ದರು, ನನ್ನ ಎದೆಯದ್ದೊಂದು ಬಿಟ್ಟು. ಟಿವಿಯಲ್ಲಿ ಅವರ ಕೈ ಮೇಜಿನ ಮೇಲಿತ್ತು. ಗುಂಡಿಯ ಹತ್ತಿರ ಬರಲಿಲ್ಲ. ಕಣ್ಣಿನಲ್ಲಿ ಏನಿದೆ ಎಂದು ಆ ಪುಟ್ಟ ತೆರೆಯಲ್ಲಿ ಕಾಣುತ್ತಿರಲಿಲ್ಲ.

ನಾನು ಇನ್ನು ತಡೆಯಲಿಲ್ಲ. ಅಜ್ಜ ಓದುತ್ತಿದ್ದ ಹಾಗೆ, ಸನ್ನೆಗೆ ಕಾಯದೆ, ಭಾವವಿಲ್ಲದೆ, ಗಾಳಿ ಊದಿದಷ್ಟು ಸಣ್ಣಗೆ ಮೈಕಿನಲ್ಲಿ ಹೇಳಿದೆ: “ದನಿಯೇ ಬರಲಿಲ್ಲ ಮಗಳೇ.”

ಅಂಕಲ್ ಕಣ್ಣು ಮಿಟುಕಿಸಲಿಲ್ಲ. ಮಾತು ಅವರ ಕಿವಿಗೆ ಸೇರಿದ್ದು ನನಗೆ ಖಂಡಿತ ಗೊತ್ತು. ಆದರೂ ಅವರು ಆಡಲಿಲ್ಲ. ಮಗಳನ್ನು ನೋಡಿದರು. ಮೇಜಿನ ಮೇಲಿದ್ದ ಪುಟ್ಟ ಗಡಿಯಾರದ ಮುಚ್ಚಳ ಮುಚ್ಚಿದರು. ಅದನ್ನು ಸ್ವಲ್ಪ ದೂರ ಸರಿಸಿದರು. ಇನ್ನೇನು ಯಾರಾದರೂ ಕೆಮ್ಮಿಬಿಡುತ್ತಾರೆ ಎನ್ನುವಾಗ, ತಮಗೆ ಬೇಕಾದ ಹೊತ್ತಿಗೆ, ಹೇಳಿದರು.

ಸೆಟ್ಟಿನವರಿಗೆ ನನ್ನ ದನಿ ಕೇಳಿರಲಿಲ್ಲ. ಅವರ ಪಾಲಿಗೆ ಅದು ಪೂರ್ತಿ ಅಂಕಲ್‌ರ ಮೌನ. ಮಾತು ಕಿವಿಯಲ್ಲಿ ಬಿದ್ದಮೇಲೂ ಅದು ಅವರದಾಗಿಯೇ ಉಳಿದಿತ್ತು. ಉಗ್ರಾಣದಲ್ಲಿ ನಾನು ಮೈಕು ಕೆಳಗಿಟ್ಟು ಒಂದು ಮರದ ಪೆಟ್ಟಿಗೆಯ ಮೇಲೆ ಕೂತೆ.

ಹಿಂತಿರುಗುವ ರೈಲಿನಲ್ಲಿ ಅಂಕಲ್ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದರು. ಎದುರಿನ ಸೀಟಿನಿಂದ ಮೆವ್ರೌ ಮುಂದೆ ಬಾಗಿ ಕೇಳಿದರು. “ಆ ಕೊನೆಯ ಮೌನ. ಅವನು ಕೈ ಎತ್ತಲಿಲ್ಲ. ಮರೆತಿದ್ದನೋ, ಇಲ್ಲವೋ?”

“ನಾನು ಮಾತು ಕೊಟ್ಟೆ,” ಎಂದೆ. “ಬೇಕಾಗಿತ್ತೋ ಇಲ್ಲವೋ ನನಗೂ ಗೊತ್ತಾಗಲಿಲ್ಲ.”

ಮೆವ್ರೌ ಹೊರಗೆ ನೋಡಿದರು. ಬಯಲು, ಕಾಲುವೆ, ಮೇಯುವ ಹಸುಗಳು ಹಿಂದೆ ಹೋಗುತ್ತಿದ್ದವು. “ಇನ್ನು ಮನೆಯಲ್ಲಿ ನಾನೂ ಹಾಗೇ ಮಾಡಬೇಕು,” ಎಂದರು. ನಂತರ ಮಾಸ್ಕಿನ ಮೇಲಿನ ಕಣ್ಣಿನಲ್ಲಿ ನಗು ಬಂತು. “ಆದರೆ ಅವನಿಗೆ ಹವಾಮಾನ ವರದಿಯೇ ಗತಿ.”

“ಕೇಳಿಸುತ್ತಿದೆ,” ಎಂದರು ಅಂಕಲ್ ಕಣ್ಣು ತೆರೆಯದೆ. ಅವರು ನಿದ್ದೆ ಮಾಡುತ್ತಿದ್ದರೋ, ನಿದ್ದೆಯ ಪಾತ್ರ ಮಾಡುತ್ತಿದ್ದರೋ, ಅದೂ ನನಗೆ ಗೊತ್ತಾಗಲಿಲ್ಲ.